ಕಣ್ಣು ಕೆಂಪಾಗಿಲ್ಲ, ನಾಳೆ ತೋರಿಸಿದರೆ ಸಾಕಾ?

ಮಕ್ಕಳ ಕಣ್ಣು ನೋಡುವ ಡಾಕ್ಟರ್ ನಾನು. ಮಗುವಿನ ಕಣ್ಣಿಗೆ ಪೆಟ್ಟು ಬಿದ್ದಾಗ ಅಪ್ಪ-ಅಮ್ಮ ಹೆಚ್ಚಾಗಿ ಕೇಳುವುದು ಇದನ್ನೇ: ‘ಕಣ್ಣು ಕೆಂಪಾಗಿಲ್ಲ, ನಾಳೆ ಬಂದರೆ ಆಗುತ್ತಾ?’

ಕೆಂಪು ನೋಡಿ ಲೆಕ್ಕ ಹಾಕಬೇಡಿ. ಬಿಳಿಭಾಗದಲ್ಲಿ ರಕ್ತ ಹರಡಿ ಭಯ ಹುಟ್ಟಿಸುವ ಕಣ್ಣು ಎಷ್ಟೋ ಸಲ ಎರಡು ವಾರದಲ್ಲಿ ತಾನಾಗೇ ಸರಿಹೋಗುತ್ತದೆ. ನನಗೆ ಜಾಸ್ತಿ ದಿಗಿಲಾಗುವುದು ಕೆಲವು ಬೆಳ್ಳನೆಯ ಕಣ್ಣುಗಳನ್ನು ಕಂಡಾಗ. ಮಕ್ಕಳ ಮೂಳೆ ಎಳೆಯದು. ಚೆಂಡೋ ಮೊಣಕೈಯೋ ಬಡಿದರೆ ಕಣ್ಣಿನ ಕೆಳಗಿನ ತೆಳು ಮೂಳೆ ಬಾಗಿ, ಬಿರುಕು ಬಿಟ್ಟು, ಮತ್ತೆ ಮುಚ್ಚಿಕೊಳ್ಳುತ್ತದೆ. ಕಣ್ಣು ಹೊರಳಿಸುವ ಸ್ನಾಯು ಆ ಸಂದಿಯಲ್ಲಿ ಸಿಕ್ಕಿಕೊಳ್ಳಬಹುದು. ಹೊರಗೆ ಏನೂ ಕಾಣುವುದಿಲ್ಲ. ಮಗು ವಾಂತಿ ಮಾಡುತ್ತದೆ, ಮಂಕಾಗುತ್ತದೆ, ನಾಡಿ ನಿಧಾನವಾಗುತ್ತದೆ. ತಲೆಗೆ ಏಟು ಬಿದ್ದಿದೆಯೆಂದು ಎಲ್ಲರೂ ತಲೆಯನ್ನೇ ನೋಡುತ್ತಾರೆ. ತಲೆ ನೋಡಲೇಬೇಕು, ನಿಜ. ಆದರೆ ‘ಮೇಲೆ ನೋಡು ಕಂದ’ ಅಂತಲೂ ಹೇಳಿ ನೋಡಬೇಕು. ಒಂದು ಕಣ್ಣು ಮೇಲೇಳದಿದ್ದರೆ ಒಂದೆರಡು ದಿನದೊಳಗೆ ಆಪರೇಷನ್ ಬೇಕಾಗಬಹುದು. ತಡವಾದರೆ ಸ್ನಾಯು ಕೆಟ್ಟುಹೋಗುತ್ತದೆ.

ಪಾಪೆಯನ್ನೂ ಗಮನಿಸಿ, ಅದೇ ನಡುವಿನ ಕಪ್ಪು ಚುಕ್ಕೆ. ಅದು ದುಂಡಗಿಲ್ಲದೆ ಒಂದು ಕಡೆಗೆ ಎಳೆದಂತಿದ್ದರೆ ಕಣ್ಣುಗುಡ್ಡೆಯೇ ಹರಿದಿರಬಹುದು. ಆಗ ಒತ್ತಬೇಡಿ, ತೊಳೆಯಬೇಡಿ, ಡ್ರಾಪ್ಸ್ ಹಾಕಬೇಡಿ, ಚುಚ್ಚಿಕೊಂಡಿರುವುದನ್ನು ಕೀಳಬೇಡಿ. ಪೇಪರ್ ಲೋಟವೊಂದನ್ನು ಕಣ್ಣಿಗೆ ತಾಗದಂತೆ ಸುತ್ತಲಿನ ಮೂಳೆಯ ಮೇಲೆ ಕೂರಿಸಿ, ಟೇಪ್ ಹಚ್ಚಿ ಹೊರಡಿ. ಅರಿವಳಿಕೆ ಕೊಡಬೇಕಾಗಬಹುದು, ಹಾಗಾಗಿ ತಿನ್ನಲು ಕುಡಿಯಲು ಏನೂ ಬೇಡ.

ಸುಣ್ಣ, ಸಿಮೆಂಟ್, ಕ್ಲೀನಿಂಗ್ ದ್ರಾವಣ ಬಿದ್ದರೆ ಮಾತ್ರ ಕ್ರಮವೇ ಬೇರೆ. ಮೊದಲು ತೊಳೆಯಿರಿ. ಹರಿಯುವ ಶುದ್ಧ ನೀರಲ್ಲಿ ಕನಿಷ್ಠ 15–20 ನಿಮಿಷ, ಆಮೇಲೆ ಆಸ್ಪತ್ರೆ. ಸುಣ್ಣದಂಥ ಕ್ಷಾರ ಆಸಿಡ್‌ಗಿಂತ ಆಳಕ್ಕೆ ಇಳಿಯುತ್ತದೆ.

ಮತ್ತೆ, ದಯವಿಟ್ಟು ಬೈಯಬೇಡಿ. ಹೆದರಿದ ಮಗು ಕಡ್ಡಿ ಚುಚ್ಚಿದ್ದನ್ನು ಮುಚ್ಚಿಟ್ಟು ‘ಬಿದ್ದೆ’ ಅನ್ನುತ್ತದೆ. ಆಗ ನಾವು ಹುಡುಕುವ ಗಾಯವೇ ಬೇರೆಯಾಗಿಬಿಡುತ್ತದೆ, ಅಲ್ವಾ?

ಹಾಗಾಗಿ ನನ್ನ ಉತ್ತರ ಇಷ್ಟೇ: ದೃಷ್ಟಿ ಮಬ್ಬಾಗಿದ್ದರೆ, ವಾಂತಿ ಇದ್ದರೆ, ಪಾಪೆಯ ಆಕಾರ ಬದಲಾಗಿದ್ದರೆ, ಚೂಪಾದದ್ದು ತಾಗಿದ್ದರೆ, ಇವತ್ತೇ ಬನ್ನಿ.

ಗಾಯ ವಾಸಿಯಾದ ಮೇಲೂ 7–8 ವರ್ಷದೊಳಗಿನ ಮಕ್ಕಳಿಗೆ ಇನ್ನೊಂದು ಕೆಲಸ ಉಳಿದಿರುತ್ತದೆ. ಮಬ್ಬಾದ ಕಣ್ಣನ್ನು ಮೆದುಳು ಬಳಸುವುದನ್ನೇ ಬಿಟ್ಟುಬಿಡಬಹುದು. ಅದಕ್ಕೇ ಚೆನ್ನಾಗಿರುವ ಕಣ್ಣಿಗೆ ದಿನಕ್ಕೆ ಕೆಲವು ಗಂಟೆ ಪಟ್ಟಿ ಹಾಕಿಸುತ್ತೇವೆ. ಮಗು ಅಳುತ್ತದೆ, ಕಿತ್ತುಹಾಕುತ್ತದೆ. ತಿಂಗಳುಗಟ್ಟಲೆ ಪಕ್ಕದಲ್ಲಿ ಕೂತು ಅದನ್ನು ಮತ್ತೆ ಮತ್ತೆ ಹಚ್ಚುವವರು ಅಪ್ಪ-ಅಮ್ಮನೇ, ನಾವಲ್ಲ.