ಫೋಟೋದಲ್ಲಿ ಆ ಕೋಲು ಯಾಕೆ?

"ಫೋಟೋ ಚೆನ್ನಾಗಿದೆ, ಆದರೆ ಆ ಕಪ್ಪು-ಬಿಳಿ ಕೋಲು ಯಾಕೆ ಇಟ್ಟಿದ್ದೀರಿ?"

ವೀರಗಲ್ಲು, ಶಾಸನ, ಹಾಳು ಗುಡಿ, ಯಾವುದರ ಚಿತ್ರ ತೋರಿಸಿದರೂ ಇದೇ ಪ್ರಶ್ನೆ. ಮದುವೆ ಊಟದ ಪಂಕ್ತಿಯಲ್ಲೂ ಕೇಳಿದ್ದಾರೆ. ಬಾಯಲ್ಲಿ ಹೇಳಿ ಸಾಕಾಗಿದೆ. ಇನ್ನು ಮೇಲೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಅದು ಕೋಲಲ್ಲ, ಅಳತೆಪಟ್ಟಿ. ಕಲ್ಲು ಎಷ್ಟು ದೊಡ್ಡದು ಅಂತ ಅದರಿಂದ ಗೊತ್ತಾಗುತ್ತದೆ. ಕೆತ್ತನೆಯನ್ನು ಮುಚ್ಚದ ಹಾಗೆ, ಕಲ್ಲಿನ ಮುಖದ ಮಟ್ಟಕ್ಕೇ ಅದನ್ನು ನಿಲ್ಲಿಸಬೇಕು. ಅರ್ಧ ಅಡಿ ಮುಂದೆ ಬಂದರೂ ಅಳತೆ ಸುಳ್ಳಾಗುತ್ತದೆ. ಹಳೆಯ ಅವಶೇಷ ಹುಡುಕಲು ಅಗೆದ ಗುಂಡಿಯಲ್ಲಾದರೆ ಉತ್ತರ ದಿಕ್ಕು ತೋರಿಸುವ ಬಾಣ ಬೇಕು, ಗುಂಡಿ ಮತ್ತು ಮಣ್ಣಿನ ಪದರದ ಸಂಖ್ಯೆ, ತಾರೀಕು ಬರೆದ ಹಲಗೆಯೂ ಬೇಕು. ಅಗೆದು ತೆಗೆದ ಪದರ ಮತ್ತೆ ಸಿಗುವುದಿಲ್ಲ ಅಲ್ವಾ? ಉಳಿಯುವುದು ಟಿಪ್ಪಣಿ, ನಕ್ಷೆ, ಫೋಟೋ ಅಷ್ಟೇ.

ಉತ್ತರ ಮುಗಿಯಿತು. ಆದರೆ "ಚಂದ ಹಾಳಾಗುತ್ತೆ" ಅಂತೀರಲ್ಲ, ಆ ಮಾತಿಗೆ ನನಗೆ ನಿಜವಾಗಿಯೂ ಸಿಟ್ಟು ಬರುತ್ತದೆ. ನಾನು ಕ್ಯಾಲೆಂಡರಿಗೆ ಫೋಟೋ ತೆಗೆಯುತ್ತಿಲ್ಲ. ಒಮ್ಮೆ ಒಂದು ಸ್ಮರಣ ಸಂಚಿಕೆಯವರು ನನ್ನ ಫೋಟೋದಿಂದ ಪಟ್ಟಿಯನ್ನು ಅಳಿಸಿ ಅಚ್ಚು ಹಾಕಿದರು. ಅಳಿಸುವಾಗ ಪಕ್ಕದ ಹಸುವಿನ ಕೊಂಬೂ ಹೋಯಿತು. ತುರುಗಾಳಗದ, ಅಂದರೆ ದನಗಳಿಗಾಗಿ ನಡೆದ ಕಾಳಗದ ವೀರಗಲ್ಲು ಅದು. ಆ ಹಸುಗಳಿಗಾಗಿಯೇ ಕಲ್ಲಿನಲ್ಲಿರುವ ವೀರ ಸತ್ತದ್ದು.

ಹದಿನೈದು ವರ್ಷದ ಹಿಂದೆ ನಾನೂ ಪಟ್ಟಿ ಇಡುತ್ತಿರಲಿಲ್ಲ. ನಮ್ಮೂರ ಹತ್ತಿರ ಕೆರೆ ಏರಿಯ ಮೇಲೆ ಮೂರು ಹಂತದ ಒಂದು ವೀರಗಲ್ಲಿತ್ತು. ಕೆಳಗೆ ಕಾಳಗ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಶಿವಲಿಂಗದ ಮುಂದೆ ಕೈಮುಗಿದು ಕೂತ ವೀರ. ಸಂಜೆಯ ಓರೆ ಬಿಸಿಲಿಗೆ ಎಲ್ಲವೂ ಎದ್ದು ಕಾಣುತ್ತಿತ್ತು. ಮೂರು ಫೋಟೋ ತೆಗೆದು ಖುಷಿಯಿಂದ ಮನೆಗೆ ಬಂದೆ. ಆಮೇಲೆ ಏರಿ ಅಗಲ ಮಾಡಿದರು, ಕಲ್ಲು ಹೋಯಿತು. ಒಡೆದರೋ, ಮಣ್ಣಿನಡಿ ಹೂತರೋ, ಯಾರನ್ನು ಕೇಳಿದರೂ ಗೊತ್ತಿಲ್ಲ ಅಂದರು. ಎರಡು ವರ್ಷ ಕಳೆದು ಪಕ್ಕದ ಹೊಲದ ಬದುವಿನಲ್ಲಿ ಒಂದು ತುಂಡು ಸಿಕ್ಕಿತು. ಅಪ್ಸರೆಯ ಸೊಂಟದಿಂದ ಕೆಳಗಿನ ಭಾಗ, ಅಂಚೆಲ್ಲ ಸವೆದಿತ್ತು. ಅದೇ ಕಲ್ಲಿನದಾ? ತುಂಡನ್ನು ಅಳೆದೆ, 31 ಸೆಂ.ಮೀ. ಫೋಟೋವನ್ನು ಹೇಗೆ ಅಳೆಯಲಿ? ಅವತ್ತು ಕಲ್ಲಿನ ಪಕ್ಕ ಒಂದು ಬೆಂಕಿಪೊಟ್ಟಣ ಇಟ್ಟಿದ್ದರೂ ಸಾಕಿತ್ತು.

ಹಾಗಾಗಿ ಕೋಲಿನ ವಿಷಯ ಬಿಡಿ. "ಫೋಟೋದಲ್ಲಿರುವ ಕಲ್ಲು ಈಗಲೂ ಹಾಗೇ ಇದೆಯಾ?" ಅಂತ ಕೇಳಿ. ಇದನ್ನು ಯಾರೂ ಕೇಳುವುದಿಲ್ಲ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳಲ್ಲಿ ಹಂಪಿಯ ಫೋಟೋ ತೆಗೆದರು. ಅದರಲ್ಲಿ ವಿಠ್ಠಲ ದೇವಸ್ಥಾನದ ಕಲ್ಲಿನ ರಥದ ಮೇಲೆ ಇಟ್ಟಿಗೆಯ ಶಿಖರ ಇದೆ. ಈಗ ನಿಮ್ಮ ಜೇಬಿನಲ್ಲಿರುವ ಹೊಸ 50 ರೂಪಾಯಿ ನೋಟಿನ ಹಿಂಬದಿ ನೋಡಿ. ಅದೇ ರಥ, ಶಿಖರ ಇಲ್ಲ.

ನಿಮ್ಮೂರಲ್ಲೂ ಒಂದು ಕಲ್ಲು ಇದ್ದೇ ಇರುತ್ತದೆ. ಅಕ್ಷರ ಕಾಣಲಿ ಅಂತ ಸುಣ್ಣ, ಎಣ್ಣೆ, ಸೀಮೆಸುಣ್ಣ ಏನೂ ಹಚ್ಚಬೇಡಿ. ನೆತ್ತಿ ಬಿಸಿಲಲ್ಲಿ ಹೋಗಬೇಡಿ. ಬೆಳಿಗ್ಗೆ ಅಥವಾ ಸಂಜೆ ಹೋದರೆ ಗೀರುಗಳಲ್ಲಿ ನೆರಳು ಕೂತು ಅಕ್ಷರ ತಾನಾಗಿ ಏಳುತ್ತದೆ. ರಾತ್ರಿಯಾದರೆ ಟಾರ್ಚನ್ನು ಪಕ್ಕದಿಂದ ಹಿಡಿದರೂ ಆಯಿತು. ಮೊಬೈಲೇ ಸಾಕು. ಹತ್ತಿರದಿಂದ ತೆಗೆಯಿರಿ, ಆಮೇಲೆ ಹಿಂದೆ ಸರಿದು ಸುತ್ತಲಿನ ಮರ, ಗುಡಿ, ದಾರಿ ಎಲ್ಲ ಸೇರುವ ಹಾಗೆ ಇನ್ನೊಂದು. ತಾರೀಕು ಬರೆದಿಡಿ. ಅಳತೆಪಟ್ಟಿ ಇಲ್ಲದಿದ್ದರೆ ಮಕ್ಕಳ ಜಾಮಿಟ್ರಿ ಬಾಕ್ಸಿನಲ್ಲಿ 15 ಸೆಂ.ಮೀ. ಸ್ಕೇಲು ಇರುತ್ತದೆ, ಅದನ್ನೇ ತೆಗೆದುಕೊಂಡು ಹೋಗಿ.