ಮದ್ದೂರಿನ ಹಳೇ ರಸ್ತೆ

ನಿನ್ನೆ ಬೆಂಗಳೂರಿನಿಂದ ಮಂಡ್ಯಕ್ಕೆ ಬೇಕಂತಲೇ ಹಳೇ ರಸ್ತೆಯಲ್ಲಿ ಬಂದೆ. 2023ರಲ್ಲಿ ಹೊಸ ಹೆದ್ದಾರಿ ಶುರುವಾದ ಮೇಲೆ ಮದ್ದೂರು ಪೇಟೆಯೊಳಗೆ ಬರುವ ಕಾರುಗಳೇ ಕಮ್ಮಿ. ವಡೆ ಅಂಗಡಿಯ ಅಣ್ಣ ಕೈಯಲ್ಲಿ ತಟ್ಟಿ ಎಣ್ಣೆಗೆ ಬಿಟ್ಟಿದ್ದು ನಾಲ್ಕೇ ವಡೆ. "ಮೊದಲು ಬಾಣಲೆ ತುಂಬಾ ಹಾಕ್ತಿದ್ದೆ ಸಾರ್, ಈಗ ಜನ ಬಂದ ಮೇಲೆ ಹಾಕ್ತೀನಿ" ಎಂದರು. ಮಗ ಬಿಡದಿಯ ಫ್ಯಾಕ್ಟರಿ ಸೇರಿದ್ದಾನಂತೆ.

ನಮ್ಮೂರಲ್ಲೂ ಅಷ್ಟೇ. ನಾಲೆಯಲ್ಲಿ ನೀರಿದೆ, ಗದ್ದೆಯಲ್ಲಿ ಕಬ್ಬಿದೆ, ಕಡಿಯಲು ಆಳಿಲ್ಲ. ಹುಡುಗರೆಲ್ಲ ಬೆಂಗಳೂರು ಸೇರಿದ್ದಾರೆ. ರಾಜ್ಯದ 114 ತಾಲ್ಲೂಕುಗಳು ಹಿಂದುಳಿದಿವೆ ಎಂದು ಪ್ರದೇಶಗಳ ನಡುವಿನ ಅಸಮತೋಲನ ಅಧ್ಯಯನ ಮಾಡಿದ ನಂಜುಂಡಪ್ಪ ಸಮಿತಿ 2002ರಲ್ಲೇ ಹೇಳಿತ್ತು. ರಸ್ತೆ ಬೇಡ ಅಂತಲ್ಲ. ಅವಸರಕ್ಕೆ ದೊಡ್ಡಾಸ್ಪತ್ರೆ ಹತ್ತಿರವಾಯಿತು, ಅದು ಸಣ್ಣ ಮಾತಲ್ಲ. ಆದರೆ ಕೆಲಸವೂ ಊರ ಹತ್ತಿರ ಬರಬೇಕು ಅಲ್ವಾ?

ಹೊರಡುವಾಗ ಅಣ್ಣ ಒಂದು ವಡೆ ಜಾಸ್ತಿ ಕಟ್ಟಿಕೊಟ್ಟರು. ದುಡ್ಡು ತಗೊಳ್ಳಲಿಲ್ಲ.