24 ಸೆಕೆಂಡೇ ಯಾಕೆ

ಇವತ್ತು ಬಾಸ್ಕೆಟ್‌ಬಾಲ್ ಮ್ಯಾಚ್ ನೋಡ್ತಾ ಕಣ್ಣು ಬೋರ್ಡ್ ಮೇಲಿನ ಆ ಕೆಂಪು 24ರಲ್ಲೇ ನಿಂತುಬಿಡ್ತು. ಅದೇ ಶಾಟ್ ಕ್ಲಾಕ್: ಚೆಂಡು ಸಿಕ್ಕ ತಂಡ ಅಷ್ಟು ಸೆಕೆಂಡಿನೊಳಗೆ ಬುಟ್ಟಿಗೆ ಎಸೀಬೇಕು.

ಅದು ಬಂದಿದ್ದು ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ 1954-55ರ ಸೀಸನ್‌ನಲ್ಲಿ. ಅದಕ್ಕೂ ಮುಂಚೆ ಲೀಡ್ ಸಿಕ್ಕ ತಂಡ ಚೆಂಡು ಹಿಡ್ಕೊಂಡು ಕಾಲ ತಳ್ಳಬಹುದಿತ್ತು. ಚೆಂಡು ಬಿಡಿಸಿಕೊಳ್ಳೋಕೆ ಎದುರಾಳಿ ಫೌಲ್ ಮಾಡ್ಬೇಕಿತ್ತು. 1950ರಲ್ಲಿ ಒಂದು ಪಂದ್ಯ ಮುಗಿದದ್ದು 19-18ಕ್ಕೆ!

ಸಿರಾಕ್ಯೂಸ್ ತಂಡದ ಮಾಲೀಕ ಡ್ಯಾನಿ ಬಯಾಸೋನ್ ಲೆಕ್ಕ ಎಷ್ಟು ಸರಳ ನೋಡಿ. ಒಳ್ಳೇ ಪಂದ್ಯದಲ್ಲಿ ಎರಡೂ ತಂಡ ಸೇರಿ ಸುಮಾರು 120 ಶಾಟ್. 48 ನಿಮಿಷ ಅಂದ್ರೆ 2,880 ಸೆಕೆಂಡ್.
ಭಾಗಿಸಿ, 24.

ಒಂದೇ ಸೀಸನ್‌ಗೆ ಪಂದ್ಯಕ್ಕೆ ಒಂದು ತಂಡದ ಸರಾಸರಿ ಪಾಯಿಂಟ್ 79ರ ಆಸುಪಾಸಿನಿಂದ 93ಕ್ಕೆ ಜಿಗಿಯಿತು.

ಆ ವರ್ಷದ ಫೈನಲ್ಸ್ ಏಳನೇ ಪಂದ್ಯ. ಸಿರಾಕ್ಯೂಸ್ ವಿರುದ್ಧ ಫೋರ್ಟ್ ವೇಯ್ನ್ ತಂಡ ಒಂದು ಹಂತದಲ್ಲಿ 17 ಪಾಯಿಂಟ್ ಮುಂದಿತ್ತು. ಹಳೇ ನಿಯಮ ಆಗಿದ್ರೆ ಚೆಂಡು ಬಚ್ಚಿಟ್ಟುಕೊಂಡೇ ಗೆಲ್ತಿದ್ರೇನೋ. ಸಿರಾಕ್ಯೂಸ್ 92-91ರಿಂದ ಗೆದ್ದುಬಿಡ್ತು.